ಎಐ ಬಗ್ಗೆ ಸಿಬ್ಬಂದಿಯ ಮನಸ್ಸಿನಲ್ಲಿ ಏನಿದೆ: ಕೇಳುವುದು ಹೇಗೆ, ಕೇಳಿದ ಮೇಲೆ ನಡೆದುಕೊಳ್ಳುವುದು ಹೇಗೆ

ಮೂವತ್ತರಿಂದ ಮುನ್ನೂರು ಜನ ಕೆಲಸ ಮಾಡುವ ಸಂಸ್ಥೆಗಳ ಮಾಲೀಕರಿಗೆ, ವ್ಯವಸ್ಥಾಪಕರಿಗೆ, ಸಿಬ್ಬಂದಿ ವಿಭಾಗ ನೋಡಿಕೊಳ್ಳುವವರಿಗೆ ಬರೆದ ಮಾರ್ಗದರ್ಶಿ ಇದು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಬಿಡಿಭಾಗ ತಯಾರಿಸುವ ಘಟಕ, ಧಾರವಾಡದ ಪತ್ತಿನ ಸಹಕಾರ ಸಂಘ, ಗದುಗಿನ ಮುದ್ರಣಾಲಯ, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್, ರಾಣೇಬೆನ್ನೂರಿನ ಬೀಜದ ಕಂಪನಿ, ಎಲ್ಲಿ ನೋಡಿದರೂ ಈಗ ಯಾರಾದರೊಬ್ಬ ಮಾರಾಟಗಾರ ಎಐ (ಕೃತಕ ಬುದ್ಧಿಮತ್ತೆ) ತಂತ್ರಾಂಶ ತೋರಿಸಿ ಹೋಗಿರುತ್ತಾನೆ. ಮಾಲೀಕರ ಕೋಣೆಯಲ್ಲಿ ಹುಮ್ಮಸ್ಸು, ಹೊರಗೆ ಚಹಾದ ಹೊತ್ತಿನಲ್ಲಿ ಗುಸುಗುಸು. ಈ ಎರಡರ ನಡುವೆ ನಿಂತವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಹೆಜ್ಜೆಗಳೆಲ್ಲ ಅದರ ಮೇಲೆಯೇ ನಿಂತಿವೆ. ಎಐ ಬಗೆಗಿನ ಧೋರಣೆ ಎಂದು ನಾವು ಅಳೆಯುವುದರಲ್ಲಿ ಬಹುಪಾಲು ಆಡಳಿತದ ಮೇಲಿನ ನಂಬಿಕೆಯೇ ಇರುತ್ತದೆ. ಈ ಯಂತ್ರ ನನ್ನ ಕೆಲಸ ತೆಗೆಯುತ್ತದೆಯೇ ಎಂದು ಕೇಳುವ ಗುಮಾಸ್ತನ ಮನಸ್ಸಿನಲ್ಲಿರುವುದು, ಇವರು ನನ್ನನ್ನು ತೆಗೆಯುತ್ತಾರೆಯೇ ಎಂಬ ಪ್ರಶ್ನೆ. ತರಬೇತಿ ಕೊಟ್ಟರೆ ಭಯ ಹೋಗುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ಯಂತ್ರದ ಬಗೆಗಿನ ಅಳುಕು ತರಬೇತಿಯಿಂದ ಹೋಗಬಹುದು. ಮಾಲೀಕರ ಬಗೆಗಿನ ಅಳುಕಿಗೆ ಬೇರೆ ಮದ್ದು ಬೇಕು.

ನಮ್ಮ ಭಾಗಕ್ಕೆ ಇದು ಹೊಸದೇನೂ ಅಲ್ಲ. ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವ ಮುನ್ನ ನೌಕರರ ಸಂಘಗಳು ತಕರಾರು ತೆಗೆದವು. 1983ರಲ್ಲಿ ಬ್ಯಾಂಕುಗಳ ಒಕ್ಕೂಟ ಮತ್ತು ನೌಕರರ ಸಂಘಗಳ ನಡುವೆ ಯಂತ್ರ ಬಳಕೆಯ ಕುರಿತು ಲಿಖಿತ ಒಪ್ಪಂದವಾದ ಮೇಲೆಯೇ ದಾರಿ ತೆರೆಯಿತು. ಗದುಗಿನ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುತ್ತಿದ್ದವರ ಎದುರಿಗೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದು ಕುಳಿತಾಗ ಅಂಥ ಒಪ್ಪಂದ ಯಾರ ಕೈಯಲ್ಲೂ ಇರಲಿಲ್ಲ. ಕೀಲಿಮಣೆ ಕಲಿಯಲು ಸಮಯ ಸಿಕ್ಕವರು ಉಳಿದರು, ಸಿಗದವರು ಬೈಂಡಿಂಗ್ ಕಡೆಗೋ ಬೇರೆ ಕೆಲಸಕ್ಕೋ ಹೋದರು. ಇವತ್ತು ನಿಮ್ಮ ಕಚೇರಿಯಲ್ಲಿ ಐವತ್ತು ದಾಟಿದ ನೌಕರ ಎಐ ಹೆಸರು ಕೇಳಿ ಮುಖ ಗಂಟಿಕ್ಕಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ. ಅವರು ಒಂದು ಸಲ ಇಂಥದ್ದನ್ನು ಕಣ್ಣಾರೆ ಕಂಡವರು.

ಹೆಜ್ಜೆ 1: ಎಐ ಈಗಾಗಲೇ ಎಲ್ಲೆಲ್ಲಿದೆ ಎಂದು ಹುಡುಕಿ

ನಮ್ಮಲ್ಲಿ ಇನ್ನೂ ಎಐ ಬಂದಿಲ್ಲ ಎನ್ನುವ ಮಾಲೀಕರ ಮಾತನ್ನು ಪೂರ್ತಿ ನಂಬಬೇಡಿ. ಚಾಟ್‌ಜಿಪಿಟಿ ಎಂಬ, ಕೇಳಿದ್ದಕ್ಕೆ ಬರೆದು ಉತ್ತರಿಸುವ ಎಐ ತಂತ್ರಾಂಶ 2022ರ ನವೆಂಬರ್ 30ರಂದು ಸಾರ್ವಜನಿಕರಿಗೆ ಸಿಕ್ಕಿತು. ಅಂದಿನಿಂದ ಅದು ಮತ್ತು ಅದರಂಥವು ನೌಕರರ ಸ್ವಂತ ಮೊಬೈಲ್‌ಗಳಲ್ಲಿ ಕುಳಿತಿವೆ. ಇಂಗ್ಲಿಷ್ ಪತ್ರ ಬರೆಯಲು ಹೆದರುವವರು ಅದರಲ್ಲಿ ಬರೆಸಿ ಕಳುಹಿಸುತ್ತಾರೆ, ಲೆಕ್ಕಪತ್ರದ ಹುಡುಗರು ಎಕ್ಸೆಲ್ ಸೂತ್ರ ಕೇಳುತ್ತಾರೆ. ಯಾರಿಗೂ ಹೇಳುವುದಿಲ್ಲ, ಏಕೆಂದರೆ ಹೇಳಿದರೆ ಬೈಗುಳವೋ ಹೊಗಳಿಕೆಯೋ ಅವರಿಗೆ ಗೊತ್ತಿಲ್ಲ.

ಇದನ್ನು ತಿಳಿಯಲು ತನಿಖೆ ಬೇಡ. ಒಂದು ವಾರದ ಮಟ್ಟಿಗೆ, ಬಳಸಿದವರಿಗೆ ಯಾವ ಕ್ರಮವೂ ಇಲ್ಲವೆಂದು ಫಲಕದಲ್ಲಿ ಬರೆದು ಹಾಕಿ, ಯಾವ ಕೆಲಸಕ್ಕೆ ಏನು ಬಳಸುತ್ತೀರಿ ಎಂದು ಹೆಸರಿಲ್ಲದ ಚೀಟಿಯಲ್ಲಿ ಕೇಳಿ. ಒಂದು ಸೂಚನೆಯನ್ನು ಮಾತ್ರ ಅಂದೇ ಕೊಡಿ: ಗ್ರಾಹಕರ ಹೆಸರು, ಖಾತೆ ಸಂಖ್ಯೆ, ಆಧಾರ್, ರೋಗಿಯ ವಿವರ ಇವನ್ನು ಯಾವ ಉಚಿತ ತಂತ್ರಾಂಶಕ್ಕೂ ಹಾಕಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಪತ್ತಿನ ಸಂಘ, ಆಸ್ಪತ್ರೆ, ಶಾಲೆ ನಡೆಸುವವರು ಇದನ್ನು ಮುಂದೂಡುವಂತಿಲ್ಲ.

ಹೆಜ್ಜೆ 2: ಹುದ್ದೆಯನ್ನು ಬಿಡಿ, ಕೆಲಸಗಳನ್ನು ಪಟ್ಟಿ ಮಾಡಿ

ಲೆಕ್ಕಿಗರ ನೌಕರಿ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಲೆಕ್ಕಿಗರ ದಿನವನ್ನು ಬಿಡಿಸಿ ಬರೆದರೆ ಉತ್ತರ ಹೊಳೆಯತೊಡಗುತ್ತದೆ. ಕೀರ್ದಿಗೆ ಬರೆಯುವುದು, ಖತಾವಣಿಗೆ ಏರಿಸುವುದು, ಬಾಕಿದಾರರಿಗೆ ಫೋನ್ ಮಾಡುವುದು, ಜಿಎಸ್‌ಟಿ ಬಿಲ್ ತಾಳೆ ನೋಡುವುದು, ಸಿಟ್ಟಾದ ವ್ಯಾಪಾರಿಯನ್ನು ಸಮಾಧಾನಪಡಿಸುವುದು. ಮೊದಲ ಎರಡನ್ನು ಯಂತ್ರ ಮಾಡೀತು, ಕೊನೆಯದನ್ನು ಮಾಡಲಾರದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಸ ಬಗೆಯ ಎಐ ಹೆಚ್ಚು ತಟ್ಟುವುದು ಗುಮಾಸ್ತಿಕೆಯ ಕೆಲಸಗಳಿಗೆ: ಅಂಥ ಕೆಲಸಗಳಲ್ಲಿ ಶೇ 24ರಷ್ಟು ಅದರ ಪ್ರಭಾವಕ್ಕೆ ಹೆಚ್ಚಾಗಿ, ಇನ್ನೂ ಶೇ 58ರಷ್ಟು ಮಧ್ಯಮ ಪ್ರಮಾಣದಲ್ಲಿ ಒಡ್ಡಿಕೊಂಡಿವೆ. ಆದರೆ ಒಟ್ಟಾರೆ ನೋಡಿದರೆ ನೌಕರಿಗಳು ಮಾಯವಾಗುವುದಕ್ಕಿಂತ ಅವುಗಳ ಸ್ವರೂಪ ಬದಲಾಗುವ ಸಂಭವವೇ ಹೆಚ್ಚೆಂದು ಅದೇ ಅಧ್ಯಯನ ಹೇಳುತ್ತದೆ. ಹಾಗಾಗಿ ಕಚೇರಿ ಸಿಬ್ಬಂದಿಯ ಪಟ್ಟಿಗೆ ಹೆಚ್ಚು ಸಮಯ ಕೊಡಿ, ಯಂತ್ರಶಾಲೆಯ ಪಟ್ಟಿ ಬೇಗ ಮುಗಿಯುತ್ತದೆ.

ಪಟ್ಟಿಯನ್ನು ಕೆಲಸ ಮಾಡುವವರೇ ಬರೆಯಬೇಕು. ಮೇಲ್ವಿಚಾರಕರು ಬರೆದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಕೆಲಸಗಳು ಬಿಟ್ಟುಹೋಗುತ್ತವೆ. ಬ್ಯಾಡಗಿ ಮೆಣಸಿನಕಾಯಿಯನ್ನು ಬಣ್ಣದ ಮೇಲೆ ಬೇರ್ಪಡಿಸುವ ಕ್ಯಾಮೆರಾ ಯಂತ್ರ ಇದೆ. ಆದರೆ ಚೀಲ ಬಿಚ್ಚಿದ ಕೂಡಲೇ ವಾಸನೆಯಿಂದ ತೇವ ತಿಳಿಯುವ, ಇದು ಮಳೆಗೆ ಸಿಕ್ಕ ಮಾಲು ಎಂದು ಹೇಳುವ ಹೆಂಗಸಿನ ಜಾಣತನ ಯಾವ ಹುದ್ದೆಯ ವಿವರಣೆಯಲ್ಲೂ ಇಲ್ಲ. ಅದು ಕಾಗದಕ್ಕೆ ಬಂದ ದಿನ ಆಕೆಗೆ ತನ್ನ ಬೆಲೆ ತಿಳಿಯುತ್ತದೆ, ನಿಮಗೂ ತಿಳಿಯುತ್ತದೆ.

ಹೆಜ್ಜೆ 3: ಸಿಬ್ಬಂದಿಯನ್ನು ಕೇಳುವ ಮೊದಲು ಮಾಲೀಕರನ್ನು ಕೇಳಿ

ಸಮೀಕ್ಷೆ ಮಾಡಿ ಫಲಿತಾಂಶವನ್ನು ಕಪಾಟಿನಲ್ಲಿಡುವುದು ಸಮೀಕ್ಷೆ ಮಾಡದಿರುವುದಕ್ಕಿಂತ ಕೆಟ್ಟದ್ದು. ನಮ್ಮ ಮಾತು ಕೇಳಿಯೂ ಸುಮ್ಮನಿದ್ದರು ಎಂಬ ನೆನಪು ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಮಾಲೀಕರ ಎದುರು ಕುಳಿತು ಈ ನಾಲ್ಕಕ್ಕೆ ಬಾಯಿಬಿಟ್ಟು ಉತ್ತರ ಪಡೆಯಿರಿ, ಬರೆದುಕೊಳ್ಳಿ:

ಈ ತಂತ್ರಾಂಶದಿಂದಾಗಿ ಮುಂದಿನ ಹನ್ನೆರಡು ತಿಂಗಳಲ್ಲಿ ಯಾರನ್ನಾದರೂ ತೆಗೆಯುವ ಉದ್ದೇಶ ಇದೆಯೇ? ಉಳಿಯುವ ಸಮಯವನ್ನು ಏನು ಮಾಡುತ್ತೀರಿ? ನೌಕರರ ವೇಗ, ತಪ್ಪು, ಬಿಡುವು ಅಳೆಯಲು ಇದನ್ನು ಬಳಸುತ್ತೀರಾ? ಹೆಚ್ಚಿನವರು ಬೇಡ ಎಂದರೆ ಖರೀದಿ ನಿಲ್ಲಿಸುತ್ತೀರಾ?

ಮೊದಲನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಇಲ್ಲಿಗೆ ನಿಲ್ಲಿಸಿ, ಸಮೀಕ್ಷೆಯ ನಾಟಕ ಬೇಡ. ಅದು ಕಾನೂನಿನ ವಿಷಯ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಕಾರ್ಮಿಕರ ಕಡಿತಕ್ಕೆ ಎಡೆಮಾಡಿಕೊಡಬಹುದಾದ ಯಂತ್ರ ಅಥವಾ ವಿಧಾನದ ಸುಧಾರಣೆಗೆ ಮುನ್ನ 21 ದಿನಗಳ ಬದಲಾವಣೆಯ ನೋಟಿಸ್ ಕೊಡಬೇಕು. ಹಳೆಯ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಇದು ಇತ್ತು. ಕಡಿತಗೊಂಡ ಕಾರ್ಮಿಕನ ಮರುಕೌಶಲ ನಿಧಿಗೆ ಕೊನೆಯ ವೇತನದ ಹದಿನೈದು ದಿನಗಳ ಮೊತ್ತ ತುಂಬುವ ಹೊಣೆಯೂ ಈಗ ಮಾಲೀಕರದ್ದು. ಕಾರ್ಮಿಕ ಕಾನೂನು ಬಲ್ಲ ವಕೀಲರೊಬ್ಬರನ್ನು ಕಾಣಿ.

ಮಾಲೀಕರು ಇನ್ನೂ ತೀರ್ಮಾನಿಸಿಲ್ಲ ಎಂದರೆ ಅದೂ ಒಂದು ಪ್ರಾಮಾಣಿಕ ಉತ್ತರವೇ. ಅದನ್ನು ಹಾಗೆಯೇ ಸಿಬ್ಬಂದಿಗೆ ಹೇಳಿ. ಸುಳ್ಳು ಭರವಸೆಗಿಂತ ಇದನ್ನು ಜನ ಚೆನ್ನಾಗಿ ತಾಳಿಕೊಳ್ಳುತ್ತಾರೆ.

ಹೆಜ್ಜೆ 4: ಪ್ರಶ್ನೆಗಳನ್ನು ಸಿದ್ಧಮಾಡಿ

ಸಂಶೋಧಕರು ಬಳಸುವ ಅಳತೆಗೋಲುಗಳು ಇವೆ. ಶೆಪ್‌ಮನ್ ಮತ್ತು ರಾಡ್‌ವೇ 2020ರಲ್ಲಿ ರೂಪಿಸಿದ ಇಪ್ಪತ್ತು ವಾಕ್ಯಗಳ ಅಳತೆಗೋಲು ಅವುಗಳಲ್ಲಿ ಹೆಸರುವಾಸಿ. ಅದು ಎಐ ಬಗೆಗಿನ ಒಲವನ್ನೂ ಅಳುಕನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅದರಿಂದ ಕಲಿಯಬೇಕಾದ್ದು ಇದೇ: ಒಬ್ಬನೇ ಮನುಷ್ಯನಲ್ಲಿ ಎರಡೂ ಇರಬಹುದು. ಮೊಬೈಲ್‌ನಲ್ಲಿ ದಿನವೂ ಎಐ ಬಳಸುವವನೇ ಕಚೇರಿಯಲ್ಲಿ ಅದು ಬೇಡವೆನ್ನಬಹುದು. ಪರ ಇದ್ದೀರೋ ವಿರೋಧವೋ ಎಂದು ಒಂದೇ ಪ್ರಶ್ನೆ ಕೇಳಿದರೆ ಇದು ಕೈತಪ್ಪುತ್ತದೆ.

ಆದರೆ ಆ ಅಳತೆಗೋಲುಗಳು ಎಐ ಎಂಬ ಇಡೀ ಸಂಗತಿಯ ಬಗ್ಗೆ ಕೇಳುತ್ತವೆ. ನಿಮಗೆ ಬೇಕಾದ್ದು ನಿಮ್ಮ ಕಚೇರಿಗೆ ಬರಲಿರುವ ನಿರ್ದಿಷ್ಟ ತಂತ್ರಾಂಶದ ಬಗ್ಗೆ. ಮೊದಲು ಅದನ್ನು ಹತ್ತು ನಿಮಿಷ ಎಲ್ಲರಿಗೂ ತೋರಿಸಿ, ಆಮೇಲೆ ಈ ಹತ್ತು ವಾಕ್ಯಗಳನ್ನು ಕೊಡಿ. ಪ್ರತಿಯೊಂದಕ್ಕೂ 1 (ಖಂಡಿತ ಇಲ್ಲ) ರಿಂದ 5 (ಖಂಡಿತ ಹೌದು) ವರೆಗೆ ಗುರುತು.

1. ಇದು ನನ್ನ ದಿನದ ಕೆಲಸಕ್ಕೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.
2. ಸ್ವಲ್ಪ ಹೇಳಿಕೊಟ್ಟರೆ ನಾನು ಇದನ್ನು ಬಳಸಬಲ್ಲೆ.
3. ಇದು ತಪ್ಪು ಮಾಡಿದರೆ ನನಗೆ ಗೊತ್ತಾಗುತ್ತದೆ.
4. ಇದು ಹೇಳಿದ್ದು ಸರಿಯೆನಿಸದಿದ್ದರೆ ನನ್ನ ತೀರ್ಮಾನದಂತೆ ನಡೆಯಲು ನನಗೆ ಬಿಡುತ್ತಾರೆ.
5. ಇದರ ತಪ್ಪಿಗೂ ಮಾತು ಕೇಳಬೇಕಾದವನು ನಾನೇ.
6. ಇದರಿಂದ ನನ್ನ ಹೊರೆ ಹೆಚ್ಚಾಗುತ್ತದೆ.
7. ಇನ್ನೆರಡು ವರ್ಷದ ಮೇಲೂ ನನ್ನ ನೌಕರಿ ಇಲ್ಲಿ ಇರುತ್ತದೆ ಎಂಬ ಧೈರ್ಯ ನನಗಿದೆ.
8. ನನ್ನ ಮೇಲೆ ಕಣ್ಣಿಡಲು ಇದನ್ನು ಬಳಸುತ್ತಾರೆ ಎಂಬ ಅನುಮಾನ ನನಗಿದೆ.
9. ಇಂಥ ತೀರ್ಮಾನ ಮಾಡುವಾಗ ಇಲ್ಲಿ ನನ್ನಂಥವರ ಮಾತು ಕೇಳುತ್ತಾರೆ.
10. ಮನೆಗೆ ಹೋದ ಮೇಲೂ ಇದರ ಚಿಂತೆ ತಲೆಯಲ್ಲಿರುತ್ತದೆ.

ಕೊನೆಯಲ್ಲಿ ಎರಡು ಖಾಲಿ ಜಾಗ ಬಿಡಿ: ನಿಮ್ಮ ಯಾವ ಕೆಲಸವನ್ನು ಈ ಯಂತ್ರಕ್ಕೆ ಸಂತೋಷದಿಂದ ಕೊಡುತ್ತೀರಿ? ಯಾವುದನ್ನು ಕೊಡಲೇಬಾರದು? ನನ್ನ ಮಟ್ಟಿಗೆ ಈ ಎರಡು ಉತ್ತರಗಳೇ ಹತ್ತು ಅಂಕಗಳಿಗಿಂತ ಹೆಚ್ಚು ಕಲಿಸುತ್ತವೆ.

ಮೊದಲ ಎರಡು ವಾಕ್ಯಗಳ ಮೂಲ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ವಿಚಾರ: ಹೊಸ ತಂತ್ರವನ್ನು ಜನ ಒಪ್ಪುವುದು ಅದು ಉಪಯುಕ್ತ ಮತ್ತು ಸುಲಭ ಎನಿಸಿದಾಗ. ಹೆಚ್ಚಿನ ಸಮೀಕ್ಷೆಗಳು ಅಲ್ಲಿಗೇ ನಿಲ್ಲುತ್ತವೆ. ನೌಕರರ ಕ್ಷೇಮ ತಿಳಿಯಬೇಕಾದರೆ ನಾಲ್ಕರಿಂದ ಹತ್ತರವರೆಗಿನವು ಬೇಕೇಬೇಕು.

ಹೆಜ್ಜೆ 5: ಕೇಳುವ ಹೊತ್ತು, ಕೇಳುವ ಬಾಯಿ

ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಕೇಳಬೇಡಿ. ದೀಪಾವಳಿ ಬೋನಸ್ ಮಾತು ನಡೆಯುತ್ತಿರುವಾಗ ಕೇಳಿದರೆ ಎಲ್ಲರೂ ಸಿಹಿ ಉತ್ತರವನ್ನೇ ಕೊಡುತ್ತಾರೆ. ಬ್ಯಾಡಗಿಯಲ್ಲಾದರೆ ಮೆಣಸಿನಕಾಯಿ ಹಂಗಾಮು ಇಳಿಯುವವರೆಗೆ ತಡೆಯಿರಿ. ಪಗಾರ ಆದ ವಾರದಲ್ಲಿ, ಕೆಲಸದ ಹೊತ್ತಿನಲ್ಲೇ, ಅರ್ಧ ಗಂಟೆ ಬಿಡುವು ಕೊಟ್ಟು ಕೇಳುವುದು ಒಳ್ಳೆಯದು. ಊಟದ ಬಿಡುವಿನಲ್ಲಿ ತುಂಬಿಸಿಕೊಳ್ಳುವುದು ಅವಮರ್ಯಾದೆ.

ಯಾರು ಕೇಳುತ್ತಾರೆ ಎಂಬುದು ಪ್ರಶ್ನೆಗಳಷ್ಟೇ ಮುಖ್ಯ. ನಮ್ಮ ಕಡೆಯ ಸಣ್ಣ ಸಂಸ್ಥೆಗಳಲ್ಲಿ ಮಾಲೀಕರು ಮನೆಯ ಹಿರಿಯರಂತೆ. ಮದುವೆಗೆ ಬಂದು ಅಕ್ಷತೆ ಹಾಕಿದವರು, ಮಗನ ಫೀಸಿಗೆ ಮುಂಗಡ ಕೊಟ್ಟವರು. ಅವರೇ ಎದುರು ನಿಂತು, ನಿಮಗೇನಾದರೂ ತೊಂದರೆ ಇದೆಯೇನಪ್ಪ ಎಂದು ಕೇಳಿದರೆ, ಏನೂ ಇಲ್ಲ ಸಾಹೇಬರೇ ಎಂಬ ಒಂದೇ ಉತ್ತರ ಬರುತ್ತದೆ. ಅದರಲ್ಲಿ ಪ್ರೀತಿ ಇದೆ, ಮಾಹಿತಿ ಇಲ್ಲ. ಹೊರಗಿನವರನ್ನು ಕರೆಸಿ. ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗ, ಕೌಸಾಳಿ ನಿರ್ವಹಣಾ ಅಧ್ಯಯನ ಸಂಸ್ಥೆ ಇಂಥ ಕಡೆಯ ವಿದ್ಯಾರ್ಥಿಗಳಿಗೆ ಕ್ಷೇತ್ರಾಧ್ಯಯನ ಬೇಕಿರುತ್ತದೆ, ನಿಮಗೆ ಅನ್ಯರ ಕಿವಿ ಬೇಕಿರುತ್ತದೆ. ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದು ವಿಚಾರಿಸಿ.

ಕಾಗದದಲ್ಲೇ ಕೇಳಿ. ಗೂಗಲ್ ಫಾರ್ಮ್ ಸುಲಭ, ನಿಜ. ಆದರೆ ಕಂಪನಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಕೊಂಡಿಯನ್ನು ಒತ್ತಿದರೆ ತಮ್ಮ ನಂಬರ್ ತಿಳಿಯುತ್ತದೆ ಎಂದು ಜನ ನಂಬುತ್ತಾರೆ, ನೀವು ಎಷ್ಟು ಹೇಳಿದರೂ ನಂಬುತ್ತಾರೆ. ಬೀಗ ಹಾಕಿದ ಪೆಟ್ಟಿಗೆ, ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಉದ್ದ ಬರೆಯಲು ಇಷ್ಟವಿಲ್ಲದವರಿಗೆ ಬರೆದುಕೊಳ್ಳಲು ಹೊರಗಿನ ವಿದ್ಯಾರ್ಥಿ. ಹೆಸರು ಬೇಡ, ವಯಸ್ಸು ಬೇಡ, ವಿಭಾಗ ಮಾತ್ರ ಸಾಕು. ವಿಭಾಗದಲ್ಲಿ ಐದಕ್ಕಿಂತ ಕಡಿಮೆ ಜನ ಇದ್ದರೆ ಅದನ್ನು ಪಕ್ಕದ ವಿಭಾಗಕ್ಕೆ ಸೇರಿಸಿ. ಮೂವರೇ ಇರುವ ಸ್ಟೋರ್ಸ್ ವಿಭಾಗದಲ್ಲಿ ಯಾರು ಏನು ಬರೆದರೆಂದು ಮೇಲ್ವಿಚಾರಕರು ಅಕ್ಷರ ನೋಡದೆಯೂ ಹೇಳಬಲ್ಲರು. ಗುತ್ತಿಗೆ ಕೆಲಸಗಾರರು, ರಾತ್ರಿ ಪಾಳಿಯವರು, ಕಸ ಗುಡಿಸುವವರು ಇವರನ್ನೂ ಬಿಡಬಾರದು. ಮೊದಲ ಪೆಟ್ಟು ಬೀಳುವುದು ಇವರಿಗೇ.

ಹೆಜ್ಜೆ 6: ಸರಾಸರಿ ನೋಡಬೇಡಿ, ಜೋಡಿ ನೋಡಿ

5, 6, 8, 10ನೆಯ ವಾಕ್ಯಗಳು ಉಲ್ಟಾ ಇವೆ. ಸಂಖ್ಯೆ ಹೆಚ್ಚಿದ್ದಷ್ಟೂ ಚಿಂತೆ ಹೆಚ್ಚು. ಎಲ್ಲವನ್ನೂ ಕೂಡಿಸಿ ನಮ್ಮ ಸಿಬ್ಬಂದಿಯ ಅಂಕ 3.2 ಎಂದು ಹೇಳುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ವಿಭಾಗವಾರು ಈ ಜೋಡಿಗಳನ್ನು ನೋಡಿ.

ಒಂದನೆಯದು ಹೆಚ್ಚು, ಏಳನೆಯದು ಕಡಿಮೆ. ಉಪಯುಕ್ತ ಎನ್ನುತ್ತಾರೆ, ನೌಕರಿಯ ಧೈರ್ಯವಿಲ್ಲ. ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಇಲ್ಲಿ. ಸಂಶೋಧಕರಾದ ಬ್ರೌಗಮ್ ಮತ್ತು ಹಾರ್ ನ್ಯೂಜಿಲೆಂಡಿನ ನೌಕರರ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ತಂತ್ರಗಳು ತಮ್ಮ ಜಾಗ ತುಂಬಬಹುದು ಎಂಬ ಅರಿವು ಹೆಚ್ಚಿದ್ದವರಲ್ಲಿ ಸಂಸ್ಥೆಯ ಮೇಲಿನ ನಿಷ್ಠೆ ಮತ್ತು ವೃತ್ತಿತೃಪ್ತಿ ಕಡಿಮೆ ಇತ್ತು, ನೌಕರಿ ಬಿಡುವ ಯೋಚನೆ ಮತ್ತು ಖಿನ್ನತೆ ಹೆಚ್ಚಿತ್ತು. ಯಂತ್ರ ಬಂದು ಕೆಲಸ ಹೋಗುವ ಮೊದಲೇ ಒಳ್ಳೆಯ ಕೆಲಸಗಾರ ಬೇರೆ ಕಡೆ ಅರ್ಜಿ ಹಾಕಿರುತ್ತಾನೆ. ಇಲ್ಲಿ ತರಬೇತಿ ಬೇಕಿಲ್ಲ, ಮಾಲೀಕರ ಸಹಿ ಬೇಕು.

ಮೂರನೆಯದು ಕಡಿಮೆ, ಐದನೆಯದು ಹೆಚ್ಚು. ತಪ್ಪು ಹಿಡಿಯಲು ಬರುವುದಿಲ್ಲ, ಹೊಣೆ ಮಾತ್ರ ನನ್ನದು ಎಂಬ ಸ್ಥಿತಿ. ಇದು ನಿದ್ದೆಗೆಡಿಸುವ ಜೋಡಿ. ತಪ್ಪು ಹಿಡಿಯುವ ಅಭ್ಯಾಸ ಮಾಡಿಸುವವರೆಗೆ ತಂತ್ರಾಂಶವನ್ನು ಆ ವಿಭಾಗಕ್ಕೆ ತರಬೇಡಿ.

ಆರನೆಯದು ಹೆಚ್ಚು, ನಾಲ್ಕನೆಯದು ಕಡಿಮೆ. ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ ಸಂಗತಿ ಇದು: ಹೊರೆ ಹೆಚ್ಚಾಗಿ, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಾಗ ಮನುಷ್ಯ ಜರ್ಜರಿತನಾಗುತ್ತಾನೆ. ಹೊರೆ ಇದ್ದೂ ಹಿಡಿತವಿದ್ದರೆ ಅದೇ ಕೆಲಸ ಕಲಿಕೆಯಾಗುತ್ತದೆ. ಯಂತ್ರದ ಮಾತನ್ನು ಮೀರುವ ಅಧಿಕಾರ ಕೊಡಲು ಖರ್ಚಿಲ್ಲ, ಆದರೂ ಆಡಳಿತಗಳು ಅದನ್ನೇ ಕೊನೆಯಲ್ಲಿ ಕೊಡುತ್ತವೆ.

ಎರಡನೆಯದು ಹೆಚ್ಚು, ಒಂದನೆಯದು ಕಡಿಮೆ ಬಂದರೆ ಜನ ಸರಿಯಿದ್ದಾರೆ, ತಂತ್ರಾಂಶ ಸರಿಯಿಲ್ಲ. ವಾಪಸ್ ಕಳುಹಿಸಿ.

ಎಲ್ಲದಕ್ಕೂ 3 ಗುರುತು ಹಾಕಿದ ಹಾಳೆಗಳು ಬಹಳ ಬಂದರೆ ಅದನ್ನು ತಟಸ್ಥ ಅಭಿಪ್ರಾಯವೆಂದು ಓದಬೇಡಿ. ಅದು ಬಾಯಿ ಕಟ್ಟಿದ ಹಾಳೆ. ಹೊರಗಿನವರಿಂದ ಸಣ್ಣ ಗುಂಪುಗಳ ಮಾತುಕತೆ ನಡೆಸಿ, ಮೇಲ್ವಿಚಾರಕರನ್ನು ಆ ಕೋಣೆಯಿಂದ ದೂರವಿಡಿ.

ಹೆಜ್ಜೆ 7: ಹದಿನೈದು ದಿನದೊಳಗೆ ಫಲಿತಾಂಶ, ಜೊತೆಗೆ ಒಂದು ಹಾಳೆಯ ಮಾತು

ಬಂದ ಉತ್ತರಗಳನ್ನು ಕಹಿಯಾದವುಗಳ ಸಮೇತ ಎಲ್ಲರಿಗೂ ತೋರಿಸಿ. ಅದೇ ಸಭೆಯಲ್ಲಿ ಮಾಲೀಕರ ಸಹಿ ಇರುವ ಒಂದು ಪುಟದ ಕಾಗದ ಓದಿ ಹೇಳಿ. ಅದರಲ್ಲಿ ಇರಬೇಕಾದ್ದು: ಯಾವ ತಂತ್ರಾಂಶ, ಯಾವ ಕೆಲಸಕ್ಕೆ, ಯಾವ ತಾರೀಖಿನಿಂದ, ಯಾವ ಕೆಲಸಕ್ಕೆ ಬಳಸುವುದಿಲ್ಲ, ಇದರಿಂದಾಗಿ ಎಷ್ಟು ಕಾಲ ಯಾರನ್ನೂ ತೆಗೆಯುವುದಿಲ್ಲ, ಯಂತ್ರ ತಪ್ಪಿದರೆ ಹೊಣೆ ಯಾರದ್ದು, ತಕರಾರನ್ನು ಯಾರ ಬಳಿ ಒಯ್ಯಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂದು ಕೈಗಾರಿಕಾ ಸಂಬಂಧಗಳ ಸಂಹಿತೆಯೇ ಹೇಳುತ್ತದೆ. ಕಾಗದದ ಮೇಲಷ್ಟೇ ಇರುವ ಆ ಸಮಿತಿಗೆ ಜೀವ ತುಂಬಲು ಇದು ಒಳ್ಳೆಯ ನೆಪ.

ಗಡುವು ಇಲ್ಲದ ಭರವಸೆ ಬೇಡ. ಯಾರ ಕೆಲಸಕ್ಕೂ ಧಕ್ಕೆಯಿಲ್ಲ ಎಂಬ ಮಾತಿಗಿಂತ 2027ರ ಮಾರ್ಚ್ 31ರವರೆಗೆ ಈ ಕಾರಣಕ್ಕೆ ಯಾರನ್ನೂ ತೆಗೆಯುವುದಿಲ್ಲ ಎಂಬ ಮಾತನ್ನು ಜನ ಹೆಚ್ಚು ನಂಬುತ್ತಾರೆ. ತಾರೀಖು ಇದ್ದರೆ ಯಾರೋ ಯೋಚಿಸಿ ಬರೆದಿದ್ದಾರೆ ಎಂದರ್ಥ.

ಹೆಜ್ಜೆ 8: ಒಂದೇ ವಿಭಾಗದಲ್ಲಿ ಪ್ರಯೋಗ

ಒಲ್ಲದವರ ವಿಭಾಗದಲ್ಲೂ ಬೇಡ, ಎಲ್ಲರೂ ಕುಣಿಯುವ ವಿಭಾಗದಲ್ಲೂ ಬೇಡ. ಒಂದನೆಯ ವಾಕ್ಯಕ್ಕೆ ಹೌದು, ನಾಲ್ಕನೆಯದಕ್ಕೂ ಹೌದು ಎಂದ ವಿಭಾಗವನ್ನು ಆರಿಸಿ, ಮೂರು ತಿಂಗಳು ನಡೆಸಿ.

ಇಲ್ಲಿ ಮೂರು ಸಂಗತಿಗಳ ಲೆಕ್ಕ ಇಡಬೇಕು, ಮಾರಾಟಗಾರರು ಒಂದನ್ನಷ್ಟೇ ಇಡುತ್ತಾರೆ. ಉಳಿದ ಸಮಯವನ್ನು ಅವರು ತೋರಿಸುತ್ತಾರೆ. ಯಂತ್ರದ ತಪ್ಪು ತಿದ್ದಲು ಹೋದ ಸಮಯವನ್ನು ನೀವೇ ಬರೆದಿಟ್ಟುಕೊಳ್ಳಬೇಕು. ಫೋನಿನ ಮಾತನ್ನು ಬರಹಕ್ಕೆ ಇಳಿಸುವ ತಂತ್ರಾಂಶವನ್ನು ತೆಗೆದುಕೊಳ್ಳಿ. ನವಲಗುಂದದ ರೈತರು, ಹಳೇ ಹುಬ್ಬಳ್ಳಿಯ ವ್ಯಾಪಾರಿಗಳು ಆಡುವ ಉರ್ದು ಮರಾಠಿ ಬೆರೆತ ಕನ್ನಡವನ್ನು ಅದು ಏನೇನೋ ಆಗಿ ಬರೆದರೆ, ಹತ್ತು ನಿಮಿಷ ಉಳಿಸಿದ ಯಂತ್ರಕ್ಕಾಗಿ ಕೂತು ತಿದ್ದುವ ಹುಡುಗಿಯ ಇಪ್ಪತ್ತು ನಿಮಿಷ ಹೋಗುತ್ತದೆ. ಆ ಇಪ್ಪತ್ತು ನಿಮಿಷ ಯಾವ ವರದಿಯಲ್ಲೂ ಕಾಣುವುದಿಲ್ಲ, ಅವಳ ಬೆನ್ನಿನಲ್ಲಿ ಮಾತ್ರ ಕಾಣುತ್ತದೆ. ಮೂರನೆಯದು, ಉಳಿದ ಸಮಯ ಎಲ್ಲಿಗೆ ಹೋಯಿತು ಎಂಬುದು. ಅದಕ್ಕೆ ಕೂಡಲೇ ಇನ್ನೊಂದು ಗುರಿ ತುಂಬಿಸಿದರೆ ಮುಂದಿನ ಸಲ ಯಾರೂ ಸಮಯ ಉಳಿದದ್ದನ್ನು ಹೇಳುವುದಿಲ್ಲ. ಅರ್ಧವನ್ನಾದರೂ ಅವರಿಗೇ ಬಿಡಿ: ಸಂಜೆ ಬೇಗ ಬಸ್ಸು ಹಿಡಿಯಲು, ಹೊಸದು ಕಲಿಯಲು, ಉಸಿರಾಡಲು.

ಹಿರಿಯರ ಬಗ್ಗೆ ಇನ್ನಷ್ಟು ಹೇಳಬೇಕು. ಬ್ರಿನ್ಯುಲ್ಫ್‌ಸನ್, ಲೀ, ರೇಮಂಡ್ ಅವರು 2023ರಲ್ಲಿ ಮೊದಲು ಹೊರತಂದ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ನೌಕರರನ್ನು ಗಮನಿಸಿದ್ದರು. ಎಐ ನೆರವಿನಿಂದ ಕೆಲಸದ ಪ್ರಮಾಣ ಸರಾಸರಿ ಶೇ 14ರಷ್ಟು ಹೆಚ್ಚಿತು. ಹೊಸಬರಲ್ಲಿ ಮತ್ತು ಕಡಿಮೆ ನುರಿತವರಲ್ಲಿ ಶೇ 34ರಷ್ಟು. ಪಳಗಿದವರಲ್ಲಿ ಹೆಚ್ಚೇನೂ ಇಲ್ಲ. ಪಳಗಿದವರ ಜಾಣತನವನ್ನೇ ಯಂತ್ರ ಹೊಸಬರಿಗೆ ಹಂಚುತ್ತದೆ ಎಂದು ಅವರು ವಿವರಿಸಿದರು. ಮಾಲೀಕರಿಗೆ ಇದು ಸಂತೋಷದ ಸುದ್ದಿ. ಇಪ್ಪತ್ತು ವರ್ಷ ದುಡಿದ ಹಿರಿಯನ ಕಣ್ಣಿನಿಂದ ನೋಡಿ: ನಿನ್ನೆ ಬಂದ ಹುಡುಗ ತನ್ನ ಸಮಕ್ಕೆ ಬಂದ, ತನ್ನಿಂದಲೇ ಕಲಿತ ಯಂತ್ರದ ನೆರವಿನಿಂದ, ತನಗೆ ಮಾತ್ರ ಏನೂ ಸಿಗಲಿಲ್ಲ. ಅವರ ಸಿಡುಕನ್ನು ಹಳೆಗಾಲದವರ ಹಟ ಎಂದು ಹೆಸರಿಡುವುದು ಅನ್ಯಾಯ. ಯಂತ್ರದ ಉತ್ತರ ಪರಿಶೀಲಿಸುವ ಹೊಣೆಯನ್ನು ಅವರಿಗೆ ಹುದ್ದೆಯ ಹೆಸರು ಮತ್ತು ಪಗಾರದ ಹೆಚ್ಚಳ ಸಮೇತ ಕೊಡಿ. ಶಾಲು ಹೊದಿಸಿ ಹಾರ ಹಾಕಿದರೆ ಸಾಲದು.

ಹೆಜ್ಜೆ 9: ನಿಗಾ ಎಲ್ಲಿಗೆ ನಿಲ್ಲಬೇಕು

ಹಾಜರಿಗೆ ಮುಖ ಗುರುತಿಸುವ ಯಂತ್ರ ಈಗ ಎಲ್ಲೆಡೆ ಇದೆ, ಅದಕ್ಕೆ ಜನ ಒಗ್ಗಿಕೊಂಡಿದ್ದಾರೆ. ಮುಂದಿನ ಮಾರಾಟ ಬೇರೆ ಬಗೆಯದು: ನೌಕರನ ಮುಖಭಾವ ನೋಡಿ ಆಸಕ್ತಿ ಅಳೆಯುವ ಕ್ಯಾಮೆರಾ, ಫೋನಿನ ದನಿಯಿಂದ ಸಿಟ್ಟು ಗುರುತಿಸುವ ತಂತ್ರಾಂಶ. ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಕೆಲಸದ ಸ್ಥಳದಲ್ಲಿ ಭಾವನೆ ಗುರುತಿಸುವ ಇಂಥ ವ್ಯವಸ್ಥೆಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ. ನಮ್ಮ ದತ್ತಾಂಶ ಕಾಯ್ದೆ ಉದ್ಯೋಗದ ಉದ್ದೇಶಕ್ಕೆ ನೌಕರನ ಮಾಹಿತಿ ಬಳಸಲು ಮಾಲೀಕರಿಗೆ ಅವಕಾಶ ಕೊಟ್ಟಿದೆ. ಕಾನೂನು ಬಿಟ್ಟ ಮಾತ್ರಕ್ಕೆ ಮಾಡಬೇಕೆಂದಿಲ್ಲ. ಅಂಥದ್ದನ್ನು ಕೊಳ್ಳಬೇಡಿ ಎಂಬುದೇ ನನ್ನ ನೇರ ಸಲಹೆ.

ತಂತ್ರಾಂಶದೊಳಗೆ ಯಾರು ಎಷ್ಟು ಬಾರಿ ಬಳಸಿದರು ಎಂಬ ಲೆಕ್ಕ ತಾನಾಗಿಯೇ ಸಂಗ್ರಹವಾಗುತ್ತಿರುತ್ತದೆ. ಆ ಪುಟ ಯಾರಿಗೆ ತೆರೆಯುತ್ತದೆ ಎಂದು ಮಾರಾಟಗಾರರಿಂದ ಬರೆಸಿಕೊಳ್ಳಿ, ಅದನ್ನು ಬಡ್ತಿಗೂ ದಂಡಕ್ಕೂ ಬಳಸುವುದಿಲ್ಲವೆಂದು ಏಳನೆಯ ಹೆಜ್ಜೆಯ ಕಾಗದಕ್ಕೆ ಸೇರಿಸಿ.

ಹೆಜ್ಜೆ 10: ಯಾರಾದರೂ ಕುಗ್ಗಿದ್ದರೆ

ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಕ್ಷೇಮ ಸೂಚಿ ಸರಳವಾದದ್ದು. ಕಳೆದ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸದಿಂದ ಇತ್ತೇ, ಶಾಂತವಾಗಿತ್ತೇ, ಮೈಯಲ್ಲಿ ಚೈತನ್ಯವಿತ್ತೇ, ಬೆಳಿಗ್ಗೆ ಎದ್ದಾಗ ಹಗುರವಾಗಿತ್ತೇ, ದಿನಗಳಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳಿದ್ದವೇ ಎಂದು ಕೇಳುತ್ತದೆ. ಪ್ರತಿಯೊಂದಕ್ಕೂ 0ರಿಂದ 5 ಅಂಕ. ಒಟ್ಟನ್ನು 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂದು ಸಿಗುತ್ತದೆ. 50 ಅಥವಾ ಅದಕ್ಕಿಂತ ಕಡಿಮೆ ಬಂದವರು ವೈದ್ಯರನ್ನೋ ಸಲಹೆಗಾರರನ್ನೋ ಕಾಣುವುದು ಒಳಿತು. ಇದು ರೋಗನಿರ್ಣಯವಲ್ಲ, ಸೂಚನೆ ಅಷ್ಟೇ.

ಈ ಹಾಳೆಯನ್ನು ಆಡಳಿತ ಮರಳಿ ಪಡೆಯಬಾರದು. ಹಂಚಿ, ಲೆಕ್ಕ ಹಾಕುವುದನ್ನು ಹೇಳಿಕೊಟ್ಟು, ಮನೆಗೆ ಒಯ್ಯಲು ಬಿಡಿ. ಹಾಳೆಯ ಹಿಂದೆ ಈ ವಿವರಗಳನ್ನು ಮುದ್ರಿಸಿ: ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416, 1845ರಷ್ಟು ಹಿಂದಿನ ಬೇರು ಇರುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಧಾರವಾಡದ ಡಿಮ್ಹಾನ್ಸ್, ಗದಗ ಮತ್ತು ಹಾವೇರಿಯವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗಳ ಆಸ್ಪತ್ರೆಗಳು. ಡಿಮ್ಹಾನ್ಸ್ ಹೆಸರು ಕೇಳಿದರೆ ಈಗಲೂ ಹಿಂಜರಿಯುವವರಿದ್ದಾರೆ. ಅವರಿಗೆ ಮೊದಲು ಫೋನ್ ನಂಬರ್ ತೋರಿಸಿ. ರಜೆ ಕೇಳಿದರೆ ಕಾರಣ ಕೆದಕಬೇಡಿ.

ಇಡೀ ವಿಭಾಗವೇ ಕುಗ್ಗಿದಂತೆ ಕಂಡರೆ ಯೋಗ ಶಿಬಿರ ಏರ್ಪಡಿಸಿ ಕೈತೊಳೆದುಕೊಳ್ಳಬೇಡಿ. ಯೋಗ ಒಳ್ಳೆಯದೇ. ಆದರೆ ಹೊರೆ, ಹಿಡಿತ, ಭರವಸೆ ಈ ಮೂರರಲ್ಲಿ ಎಲ್ಲೋ ಲೋಪವಿರುವಾಗ ಚಾಪೆ ಹಾಸಿ ಉಸಿರಾಟ ಹೇಳಿಕೊಟ್ಟರೆ, ತಪ್ಪು ನಿಮ್ಮ ಉಸಿರಿನದ್ದು ಎಂದು ಹೇಳಿದಂತಾಗುತ್ತದೆ.

ಹೆಜ್ಜೆ 11: ಮೂರು ತಿಂಗಳ ಮೇಲೆ ಮತ್ತೆ ಅದೇ ಹತ್ತು

ವಾಕ್ಯಗಳನ್ನು ಬದಲಿಸಬೇಡಿ, ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ. ಆರು ಮತ್ತು ಹತ್ತನೆಯದು ಏರಿದ್ದರೆ ಪ್ರಯೋಗವನ್ನು ಬೇರೆ ವಿಭಾಗಕ್ಕೆ ಹಬ್ಬಿಸಬೇಡಿ, ಉತ್ಪಾದನೆ ಎಷ್ಟೇ ಹೆಚ್ಚಿರಲಿ. ಒಂದನೆಯದು ಏರಿ ಒಂಬತ್ತನೆಯದು ಇದ್ದಲ್ಲೇ ಇದ್ದರೆ, ತಂತ್ರಾಂಶ ಗೆದ್ದಿದೆ, ನೀವು ಗೆದ್ದಿಲ್ಲ. ಏಳು ಮತ್ತು ಎಂಟು ಸುಧಾರಿಸಲು ಮೂರು ತಿಂಗಳು ಸಾಲದಿರಬಹುದು. ಒಂದು ವೇತನ ಹೆಚ್ಚಳದ ಹಂಗಾಮು ಯಾರನ್ನೂ ನೋಯಿಸದೆ ದಾಟಿದ ಮೇಲೆ ಅವು ಅಲುಗಾಡುತ್ತವೆ.

ಎರಡನೆಯ ಸುತ್ತಿನ ಹಾಳೆ ಹಂಚುವ ಹಿಂದಿನ ದಿನ, ಮೊದಲ ಸುತ್ತಿನ ಮೇಲೆ ಕೊಟ್ಟ ಮಾತುಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂಬ ಪಟ್ಟಿಯನ್ನು ಹಾಜರಿ ಯಂತ್ರದ ಪಕ್ಕದ ಫಲಕಕ್ಕೆ ಅಂಟಿಸಿ.